ವಕೀಲಿ ಮಾಡದಿದ್ದರೂ ಎಲ್‌ಎಲ್‌ಬಿ ಓದಿ ಉಪಯೋಗ ಇದೆಯಾ?

ರಾಯಚೂರಿನಲ್ಲಿ ಬಿಕಾಂ ಮುಗಿಸಿದ್ದೇನೆ, ಮುಂದೆ ಸಿಂಧನೂರಿನ ನಮ್ಮ ಗೊಬ್ಬರದ ಅಂಗಡಿ ನೋಡಿಕೊಳ್ಳಬೇಕು, ಎಲ್‌ಎಲ್‌ಬಿ ಓದಿದರೆ ಲಾಭವೇನು ಅಂತ ಕೇಳಿದ್ದೀರಿ. ಲಾಭ ಇದೆ. ಸೆಕ್ಷನ್ ನಂಬರ್‌ಗಳು ಪರೀಕ್ಷೆ ಮುಗಿದ ಮೇಲೆ ಮರೆತೇ ಹೋಗುತ್ತವೆ, ಹೋಗಲಿ ಬಿಡಿ. ಉಳಿಯುವುದು ಒಂದು ರೂಢಿ: ಇದಕ್ಕೆ ಕಾಗದ ಏನಿದೆ, ಗಡುವು ಯಾವಾಗ ಅಂತ ಮೊದಲೇ ಕೇಳುವುದು.

ನಿಮ್ಮ ಅಂಗಡಿಯನ್ನೇ ತಗೊಳ್ಳಿ. ಉದ್ರಿ ಒಯ್ದವರು 'ಭತ್ತ ಬರಲಿ, ಕೊಡ್ತೀನಿ' ಅಂತ ವರ್ಷಗಟ್ಟಲೆ ದೂಡುತ್ತಾರೆ, ಅಲ್ವಾ? ಇಂಥ ಬಾಕಿಗೆ ದಾವೆ ಹಾಕಲು ಸಾಮಾನ್ಯವಾಗಿ 3 ವರ್ಷ ಮಾತ್ರ ಅವಕಾಶ. ಅದು ಮುಗಿಯುವ ಮೊದಲು 'ಇಷ್ಟು ಬಾಕಿ ಕೊಡಬೇಕು' ಅಂತ ಬರೆಸಿ ಸಹಿ ಹಾಕಿಸಿಕೊಂಡರೆ, ಆ ದಿನದಿಂದ ಲೆಕ್ಕ ಹೊಸದಾಗಿ ಶುರು. ಬಾಯಿಮಾತಿನ ಒಪ್ಪಿಗೆ ಸಾಲದು. ಹೊಲ ಕೊಂಡರೂ ಅಷ್ಟೇ. ಬಾಂಡ್ ಪೇಪರ್ ಮೇಲಿನ ಸಹಿಯಿಂದ ಹೊಲ ನಿಮ್ಮದಾಗುವುದಿಲ್ಲ, ಕ್ರಯಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಬೇಕು. ಪಹಣಿಯಲ್ಲಿ ಹೆಸರು ಬಂದರೆ ಸಾಕು ಅನ್ನುವವರು ನಮ್ಮ ಕಡೆ ಜಾಸ್ತಿ. ಅದು ಬರೀ ಕಂದಾಯ ದಾಖಲೆ.

ಡಿಗ್ರಿ ಆದವರಿಗೆ ಇದು 3 ವರ್ಷದ ಕೋರ್ಸ್. ಕ್ಲಾಸಿಗೆ ಹೋಗದೆ ಸುಮ್ನೆ ಗೈಡ್ ಓದಿ ಪಾಸಾಗುವುದಾದರೆ ಮಾತ್ರ, ಆ ಹೊತ್ತು ಅಂಗಡಿಯಲ್ಲೇ ಕೂರುವುದು ವಾಸಿ.