ಬಳ್ಳಾರಿಯ ಹಳೇ ಪುಸ್ತಕದಂಗಡಿಯಲ್ಲಿ ಸರಣಿಯ ಬಿಟ್ಟುಹೋದ ಭಾಗಗಳು ಸಿಗುತ್ತವೆಯೇ?

ಸಿಗುತ್ತವೆ, ಆದರೆ ನೀವು ಬಾಯಿಬಿಟ್ಟು ಕೇಳಬೇಕು. ಅಮೆರಿಕದ ವೈಜ್ಞಾನಿಕ ಕಾದಂಬರಿಕಾರ ಐಸಾಕ್ ಅಸಿಮೋವ್ ಬರೆದ ‘ಫೌಂಡೇಶನ್’ ಸರಣಿಯ ಏಳರಲ್ಲಿ ಐದು ಕಾದಂಬರಿ ಬ್ರೂಸ್‌ಪೇಟೆ ಕಡೆಯ ಒಂದೇ ಅಂಗಡಿಯಲ್ಲಿ ಸಿಕ್ಕವು, ಎರಡು ಸಿಕ್ಕಿಲ್ಲ, ಕಾಯಲೋ, ಆನ್‌ಲೈನ್‌ನಲ್ಲಿ ತರಿಸಲೋ, ಬೆಂಗಳೂರಿಗೇ ಹೋಗಿ ಹುಡುಕಲೋ ಎಂದು ಕೇಳಿದ್ದೀರಿ. ಜೊತೆಗೆ, ‘ಹೆಸರು ಹೇಳಿ ಕೇಳಿದರೆ ರೇಟು ಏರಿಸುತ್ತಾರೆ ಅಂತ ಏನೂ ಹೇಳದೆ ನಾನೇ ಹುಡುಕುತ್ತಿದ್ದೇನೆ’ ಎಂದೂ ಬರೆದಿದ್ದೀರಿ. ಆ ಸಾಲು ಓದಿದ ಮೇಲೆ ಉತ್ತರ ಬರೆಯದೆ ಇರಲಾಗಲಿಲ್ಲ.

2011ರ ಜುಲೈ ಕೊನೆಗೆ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ನಿಲ್ಲಿಸಿತಲ್ಲ, ಆಗ ನಾನು ಇಲ್ಲೇ ಎಂಜಿನಿಯರಿಂಗ್ ಓದುತ್ತಿದ್ದೆ. ಗಣಿ ಕಂಪನಿಗಳ ಕೆಲಸಕ್ಕೆಂದು ಬೇರೆ ಬೇರೆ ರಾಜ್ಯಗಳಿಂದ ಬಂದಿದ್ದವರು ಒಬ್ಬೊಬ್ಬರಾಗಿ ಮನೆ ಖಾಲಿ ಮಾಡಿದರು. ಮಂಚ, ಕೂಲರ್ ಜೊತೆಗೆ ಪುಸ್ತಕಗಳನ್ನೂ ಇಲ್ಲೇ ಮಾರಿ ಹೋದರು. ಅದುವರೆಗೆ ಚೇಸ್, ಸಿಡ್ನಿ ಶೆಲ್ಡನ್, ಯಂಡಮೂರಿ ಅವರ ಥ್ರಿಲ್ಲರ್‌ಗಳನ್ನು ಬಿಟ್ಟರೆ ಬೇರೆ ಏನೂ ಕಾಣದಿದ್ದ ಅಂಗಡಿಗೆ ಇದ್ದಕ್ಕಿದ್ದಂತೆ ಕ್ಲಾರ್ಕ್, ಅಸಿಮೋವ್, ವಿಂಡಮ್‌ರಂಥ ವೈಜ್ಞಾನಿಕ ಕಾದಂಬರಿಕಾರರು ಬಂದು ಕೂತರು. ನಾನು ಹೋಗುತ್ತಿದ್ದ ಅಂಗಡಿ ಕೂಡ ನಿಮ್ಮದರಂತೆಯೇ: ಮುಂದೆ ಗೈಡು, ಪಠ್ಯಪುಸ್ತಕ, ಒಳಕೋಣೆಯಲ್ಲಿ ಬರೀ ಕಾದಂಬರಿ. ಓದಿ ವಾಪಸ್ ಕೊಟ್ಟರೆ ಅರ್ಧ ದುಡ್ಡು ಹಿಂದಕ್ಕೆ.

ಅಲ್ಲೇ ನನಗೆ ‘ಫೌಂಡೇಶನ್’ ಸಿಕ್ಕಿದ್ದು. ಪ್ಯಾಂಥರ್ ಪ್ರಕಾಶನದ ಹಳೇ ಪ್ರತಿ, ಮುಖಪುಟದಲ್ಲಿ ಕ್ರಿಸ್ ಫಾಸ್ ಚಿತ್ರಿಸಿದ ದೊಡ್ಡ ಅಂತರಿಕ್ಷ ನೌಕೆ. ಒಂದು ಮಹಾಸಾಮ್ರಾಜ್ಯ ಕುಸಿಯುವುದನ್ನು ಗಣಿತದಿಂದ ಮೊದಲೇ ಲೆಕ್ಕ ಹಾಕಿ, ಆಮೇಲಿನ ಮೂವತ್ತು ಸಾವಿರ ವರ್ಷದ ಕತ್ತಲನ್ನು ಒಂದು ಸಾವಿರ ವರ್ಷಕ್ಕೆ ಇಳಿಸಲು ಹೊರಟ ಹರಿ ಸೆಲ್ಡನ್‌ನ ಕಥೆ. ಹಾಸ್ಟೆಲ್‌ನಲ್ಲಿ ಒಂದೇ ರಾತ್ರಿ ಓದಿ ಮುಗಿಸಿದೆ. ಕೆಲವು ವಾರಗಳಲ್ಲಿ ಎರಡನೆಯದು, ‘ಫೌಂಡೇಶನ್ ಆಂಡ್ ಎಂಪೈರ್’ ಸಿಕ್ಕಿತು. ಆಮೇಲೆ ನಾಲ್ಕನೆಯದು, ‘ಫೌಂಡೇಶನ್ಸ್ ಎಡ್ಜ್’. ನಡುವಿನ ‘ಸೆಕೆಂಡ್ ಫೌಂಡೇಶನ್’ ಮಾತ್ರ ಇಲ್ಲ.

ಅಂಗಡಿಯವರು ವಯಸ್ಸಾದವರು, ಅಂಕಲ್ ಅನ್ನುತ್ತಿದ್ದೆ. ನಾನು ಒಳಗೆ ಹೋಗಿ ಕಟ್ಟು ಕಟ್ಟು ಇಳಿಸಿ ನೋಡುವುದನ್ನು ಕಂಡು ಅವರೇ ಕೇಳುತ್ತಿದ್ದರು: “ಏನು ಹುಡುಕಾಕತ್ತೀಯಪ್ಪಾ? ಹೆಸರು ಹೇಳು, ಬಂದ್ರೆ ತೆಗೆದಿಡ್ತೀನಿ.”

“ಏನಿಲ್ಲ ಅಂಕಲ್, ಸುಮ್ನೆ ನೋಡ್ತಿದೀನಿ.”

ಪ್ರತಿ ಸಲವೂ ಇದೇ ಪ್ರಶ್ನೆ, ಇದೇ ಉತ್ತರ. ಬೇಕು ಅಂತ ಗೊತ್ತಾದರೆ ರೇಟು ಏರುತ್ತದೆ ಎಂದು ಸೀನಿಯರ್‌ಗಳು ಹೇಳಿಕೊಟ್ಟಿದ್ದರು. ನಾನು ಅದನ್ನೇ ನಂಬಿದ್ದೆ. ಬೇಕಾದ ಪುಸ್ತಕ ಸಿಕ್ಕರೂ ಅದರ ಮೇಲೆ ಬೇಡದ ಇನ್ನೊಂದನ್ನು ಇಟ್ಟು, ಎರಡನ್ನೂ ಉದಾಸೀನವಾಗಿ ಕೈಯಲ್ಲಿ ಹಿಡಿದು ಬರುತ್ತಿದ್ದೆ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನೀವೂ ಇದನ್ನೇ ಮಾಡುತ್ತಿದ್ದೀರಿ. ಹಳೇ ಕಾದಂಬರಿಗೆ ಆ ಅಂಗಡಿಯಲ್ಲಿ ರೇಟು ಹೇಗೆ ನಿಲ್ಲುತ್ತದೆ ಎಂದು ನಾನು ಒಮ್ಮೆಯೂ ಯೋಚಿಸಲಿಲ್ಲ. ಅವರು ಪುಸ್ತಕ ಕೊಳ್ಳುತ್ತಿದ್ದದ್ದು ಕಿಲೋ ಲೆಕ್ಕದಲ್ಲಿ ಅಥವಾ ಇಡೀ ಪೆಟ್ಟಿಗೆಗೆ ಇಷ್ಟು ಅಂತ. ಮಾರುತ್ತಿದ್ದದ್ದು ದಪ್ಪ ನೋಡಿ, ಮುಖಪುಟ ನೋಡಿ. ಲೇಖಕ ಯಾರು, ಸರಣಿಯಲ್ಲಿ ಎಷ್ಟನೆಯದು, ಇದ್ಯಾವುದೂ ಅವರ ಲೆಕ್ಕದಲ್ಲಿ ಇರಲೇ ಇಲ್ಲ. ನನ್ನನ್ನು ಬಿಟ್ಟರೆ ಅಸಿಮೋವ್ ಕೇಳುವ ಗಿರಾಕಿ ಆ ಅಂಗಡಿಯಲ್ಲಿ ಇನ್ನೊಬ್ಬ ಕಂಡಿರಲಿಲ್ಲ. ಒಬ್ಬನೇ ಗಿರಾಕಿ ಇರುವ ಮಾಲಿಗೆ ರೇಟು ಏರಿಸಿ ಯಾರಿಗೆ ಮಾರುತ್ತಾರೆ? ಏರಿಸಿದರೂ ಎಷ್ಟು ಏರಿಸಿಯಾರು, ಇಪ್ಪತ್ತೋ ಮೂವತ್ತೋ ರೂಪಾಯಿ. ಆ ಇಪ್ಪತ್ತು ರೂಪಾಯಿ ಉಳಿಸಲು ನಾನು ಅವರ ಕಣ್ಣುಗಳನ್ನು ಬಳಸದೆ ಬಿಟ್ಟೆ. ಅಂಗಡಿಗೆ ಬರುವ ಒಂದೊಂದು ಪುಸ್ತಕವನ್ನೂ ಮೊದಲು ಕೈಯಲ್ಲಿ ಹಿಡಿಯುವವರು ಅವರು. ನಾನು ಹೋಗುವುದು ಭಾನುವಾರ ಸಂಜೆ, ಅದೂ ಪರೀಕ್ಷೆ ಇಲ್ಲದಿದ್ದರೆ. ಸೋಮವಾರ ಬಂದದ್ದು ಶನಿವಾರದೊಳಗೆ ಎಲ್ಲಿ ಹೋಯಿತು ಎಂದು ನನಗೆ ಹೇಗೆ ತಿಳಿಯಬೇಕು?

ಕಾದು ಸಾಕಾಗಿ, ಮೂರನೆಯದನ್ನು ಬಿಟ್ಟು ನಾಲ್ಕನೆಯದನ್ನು ಓದಲು ಕೂತೆ. ನಷ್ಟವಾಗಿದ್ದು ಅಲ್ಲಿ. ‘ಸೆಕೆಂಡ್ ಫೌಂಡೇಶನ್’ನಲ್ಲಿರುವುದು ಎರಡೇ ಭಾಗ, ಎರಡೂ ಹುಡುಕಾಟ. ಸೆಲ್ಡನ್ ಮರೆಯಲ್ಲಿ ಕಟ್ಟಿದ ಎರಡನೆಯ ಸಂಸ್ಥೆ ಎಲ್ಲಿದೆ, ಯಾರು ನಡೆಸುತ್ತಿದ್ದಾರೆ ಎಂಬ ಗುಟ್ಟೇ ಕಾದಂಬರಿಯ ಜೀವ. ‘ಫೌಂಡೇಶನ್ಸ್ ಎಡ್ಜ್’ ಬಂದದ್ದು 1982ರಲ್ಲಿ, 1953ರ ಆ ಗುಟ್ಟು ಓದುಗರಿಗೆ ಆಗಲೇ ಗೊತ್ತು ಎಂದುಕೊಂಡೇ ಅಸಿಮೋವ್ ಅದನ್ನು ಬರೆದಿದ್ದಾರೆ. ಹಾಗಾಗಿ ಶುರುವಿನಲ್ಲೇ ಎಲ್ಲ ಬಯಲಾಗುತ್ತದೆ. ಆಮೇಲೆ ನಾನು ಮೂರನೆಯದನ್ನು ಓದಿದ್ದೇನೆ, ಒಳ್ಳೆಯ ಕಾದಂಬರಿ. ಆದರೆ ಉತ್ತರ ಗೊತ್ತಿಲ್ಲದೆ ಅದನ್ನು ಓದುವ ಅವಕಾಶ ಯಾರಿಗಾದರೂ ಒಂದೇ ಸಲ, ನನಗೆ ಅದು ಹೋಯಿತು.

ಕಾಲೇಜು ಮುಗಿದು ಊರು ಬಿಡುವ ಹೊತ್ತಿಗೆ, ಇನ್ನೇನು ಹೋಗುತ್ತಿದ್ದೇನಲ್ಲ ಎಂದು ಕೊನೆಗೆ ಕೇಳಿದೆ: “ಅಂಕಲ್, ಸೆಕೆಂಡ್ ಫೌಂಡೇಶನ್ ಅಂತ ಒಂದು ಪುಸ್ತಕ, ಯಾವಾಗಾದ್ರೂ ಬಂದಿತ್ತಾ?”

ಅವರಿಗೆ ಯೋಚಿಸಬೇಕಾಗಲೇ ಇಲ್ಲ. “ಅದಾ? ಬಂದಿತ್ತಲ್ಲಪ್ಪಾ. ತೆಳ್ಳಗಿತ್ತು. ಐಐಟಿ ಫೌಂಡೇಶನ್ ಗೈಡ್ ಅಂದ್ಕೊಂಡು ಮುಂದಿನ ರ‍್ಯಾಕಿಗೆ ಹಾಕಿದ್ದೆ. ಯಾರೂ ತಗಳ್ಳಿಲ್ಲ. ಸಿಲೆಬಸ್ ಬದಲಾದಾಗ ಹಳೇ ಗೈಡು ಎಲ್ಲಾ ರದ್ದಿಗೆ ಹೋದ್ವು, ಅದೂ ಹೋತು.” ಸ್ವಲ್ಪ ತಡೆದು, “ನಿಂಗೆ ಅಷ್ಟು ಸಲ ಕೇಳಿದ್ನಲ್ಲೋ” ಅಂದರು.

ಯೋಚಿಸಿ ನೋಡಿ. ನಾನು ಒಳಕೋಣೆಯಲ್ಲಿ ಧೂಳು ಕುಡಿಯುತ್ತಾ ಕಟ್ಟು ಬಿಚ್ಚುತ್ತಿದ್ದಾಗ ಆ ಪುಸ್ತಕ ನಾನು ಚಪ್ಪಲಿ ಬಿಡುತ್ತಿದ್ದ ಜಾಗದ ಪಕ್ಕದ ರ‍್ಯಾಕಿನಲ್ಲಿ ಕೂತಿತ್ತು. ಗೈಡಿನ ರ‍್ಯಾಕನ್ನು ನಾನು ಎಂದೂ ನೋಡಲಿಲ್ಲ, ಕಾದಂಬರಿ ಅಲ್ಲಿ ಯಾಕಿರುತ್ತದೆ? ಅವರ ತಪ್ಪು ಅದರಲ್ಲಿ ಏನೂ ಇಲ್ಲ. ಫಿಸಿಕ್ಸ್ ಫೌಂಡೇಶನ್, ಮ್ಯಾಥ್ಸ್ ಫೌಂಡೇಶನ್ ಅಂತ ದಿನಾ ಮಾರುವವರು ಆ ಹೆಸರು ನೋಡಿ ಬೇರೆ ಏನು ಅಂದುಕೊಳ್ಳಬೇಕು! ಒಂದು ಮಾತು, ‘ಅದು ಕಥೆಪುಸ್ತಕ ಅಂಕಲ್’ ಎಂಬ ಒಂದೇ ಮಾತು ನಾನು ಹೇಳಿದ್ದರೆ ಆ ಪ್ರತಿ ರದ್ದಿಗೆ ಹೋಗುತ್ತಿರಲಿಲ್ಲ.

ಆದ್ದರಿಂದ ಇವತ್ತೇ ಒಂದು ಹಾಳೆಯಲ್ಲಿ ಬರೆದು ಕೊಡಿ. ಬಾಯಲ್ಲಿ ಹೇಳಿದರೆ ಸಾಲದು. ಪುಸ್ತಕದ ಹೆಸರು ಮುಖಪುಟದಲ್ಲಿ ಇರುವಂತೆಯೇ ಇಂಗ್ಲಿಷಿನಲ್ಲಿ, ಪಕ್ಕದಲ್ಲಿ ಕನ್ನಡ ಅಕ್ಷರದಲ್ಲಿ, ಕೆಳಗೆ ಲೇಖಕರ ಹೆಸರು ದೊಡ್ಡದಾಗಿ. ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗನಿಗೂ ತೋರಿಸಿ, ಕಟ್ಟು ಬಿಚ್ಚುವವನು ಅವನೇ. ಎಷ್ಟು ಕೊಡಬಲ್ಲಿರಿ ಎಂಬುದನ್ನೂ ಬರೆದುಬಿಡಿ. ಚೌಕಾಸಿ ಬೇಕಿದ್ದರೆ ಬೇರೆ ಪುಸ್ತಕಕ್ಕೆ ಮಾಡಿ, ಇದಕ್ಕೆ ಬೇಡ. ತಿಂಗಳಿಗೊಮ್ಮೆ ಫೋನ್ ಮಾಡಿ ನೆನಪಿಸಿದರೆ ಯಾರೂ ಬೇಜಾರಾಗುವುದಿಲ್ಲ.

ಹಾಳೆಯಲ್ಲಿ ಇನ್ನೊಂದು ವಿಷಯವನ್ನೂ ಸೇರಿಸಬೇಕು. ಕೆಲವು ವೈಜ್ಞಾನಿಕ ಕಾದಂಬರಿಗಳು ಒಂದು ದೇಶದಲ್ಲಿ ಒಂದು ಹೆಸರಿನಲ್ಲಿ, ಇನ್ನೊಂದು ದೇಶದಲ್ಲಿ ಇನ್ನೊಂದು ಹೆಸರಿನಲ್ಲಿ ಬಂದಿವೆ. ಬೆಸ್ಟರ್ ಬರೆದ ‘ದ ಸ್ಟಾರ್ಸ್ ಮೈ ಡೆಸ್ಟಿನೇಶನ್’ ಬ್ರಿಟನ್ನಿನಲ್ಲಿ ‘ಟೈಗರ್! ಟೈಗರ್!’. ವಿಂಡಮ್‌ನ ‘ದ ಕ್ರಿಸಾಲಿಡ್ಸ್’ ಅಮೆರಿಕದಲ್ಲಿ ‘ರೀ-ಬರ್ತ್’. ‘ಫೌಂಡೇಶನ್ ಆಂಡ್ ಎಂಪೈರ್’ ಕೂಡ 1955ರಲ್ಲಿ ಅಮೆರಿಕದಲ್ಲಿ ‘ದ ಮ್ಯಾನ್ ಹೂ ಅಪ್‌ಸೆಟ್ ದ ಯೂನಿವರ್ಸ್’ ಎಂದು ಬಂದಿತ್ತು. ಮೊದಲ ಮೂರನ್ನು ಸೇರಿಸಿ ಒಂದೇ ದಪ್ಪ ಸಂಪುಟವಾಗಿಯೂ ಅಚ್ಚು ಹಾಕಿದ್ದಾರೆ. ನಿಮಗೆ ಸಿಗದ ಭಾಗ ಬೇರೆ ಹೆಸರಿನಲ್ಲಿ, ಬೇರೆ ಗಾತ್ರದಲ್ಲಿ ಅಲ್ಲೇ ಇರಬಹುದು. ಬೆನ್ನಿನ ಮೇಲಿನ ಲೇಖಕರ ಹೆಸರು ನೋಡಿ ತೆಗೆಯಿರಿ, ಒಳಗಿನ ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಮೊದಲು ಪ್ರಕಟವಾದ ವರ್ಷ ನೋಡಿ ಖಚಿತ ಮಾಡಿಕೊಳ್ಳಿ. ಒಂದೇ ಥರದ ಮುಖಪುಟವೇ ಬೇಕು ಎಂದು ಹಟ ಹಿಡಿಯಬೇಡಿ.

ಈಗ ನಿಮ್ಮ ಪ್ರಶ್ನೆಯೊಳಗಿನ ‘ಎರಡು ಬಿಟ್ಟುಹೋಗಿವೆ’ ಎಂಬ ಮಾತು. ಯಾವ ಎರಡು ಎಂದು ನೀವು ಬರೆದಿಲ್ಲ, ಎಲ್ಲವೂ ನಿಂತಿರುವುದು ಅದರ ಮೇಲೆ. ಮೊದಲ ಮೂರು ಪುಸ್ತಕವಾದದ್ದು 1951, 52, 53ರಲ್ಲಿ. ಆಮೇಲೆ ಸುಮಾರು ಮೂವತ್ತು ವರ್ಷ ಬಿಟ್ಟು 1982, 1986ರಲ್ಲಿ ಎರಡು, ‘ಫೌಂಡೇಶನ್ಸ್ ಎಡ್ಜ್’ ಮತ್ತು ‘ಫೌಂಡೇಶನ್ ಆಂಡ್ ಅರ್ಥ್’. ಸೆಲ್ಡನ್‌ನ ಯೌವನಕ್ಕೆ ಹಿಂದಿರುಗುವ ‘ಪ್ರಿಲ್ಯೂಡ್ ಟು ಫೌಂಡೇಶನ್’ 1988ರಲ್ಲಿ, ‘ಫಾರ್ವರ್ಡ್ ದ ಫೌಂಡೇಶನ್’ ಅಸಿಮೋವ್ ತೀರಿಕೊಂಡ ಮರುವರ್ಷ, 1993ರಲ್ಲಿ. ನಿಮ್ಮಲ್ಲಿಲ್ಲದವು ಈ ಕೊನೆಯ ಎರಡಾದರೆ ನಿಮಗೆ ಈಗ ಯಾವ ಕೊರತೆಯೂ ಇಲ್ಲ. ಕಥೆಯ ಕಾಲದಲ್ಲಿ ಅವು ಮೊದಲು ಬರುತ್ತವೆ ನಿಜ, ಆದರೆ ಅವನ್ನು ಮೊದಲು ಓದುವುದು ನನ್ನ ಪ್ರಕಾರ ತಪ್ಪು. ಬರೆದ ಕ್ರಮದಲ್ಲೇ ಓದಿ, ನಿಶ್ಚಿಂತೆಯಿಂದ ಕಾಯಿರಿ. ‘ಸೆಕೆಂಡ್ ಫೌಂಡೇಶನ್’ ಇಲ್ಲದಿದ್ದರೆ ಕಾಯಲೇಬೇಡಿ. ಹೊಸ ಪ್ರತಿ ಈಗಲೂ ಅಚ್ಚಿನಲ್ಲಿದೆ, ಆನ್‌ಲೈನ್‌ನಲ್ಲಿ ತರಿಸಿ ಓದಿಬಿಡಿ. ಹಳೇ ಪ್ರತಿ ಸಿಕ್ಕಾಗ ಅದನ್ನೂ ಕೊಳ್ಳಿ. ಮೂರನೆಯದನ್ನು ಓದುವ ತನಕ ‘ಫೌಂಡೇಶನ್ಸ್ ಎಡ್ಜ್’ ಅನ್ನು ಮುಟ್ಟಬೇಡಿ.

ಬೆಂಗಳೂರಿಗೆ ಇದಕ್ಕೆಂದೇ ಹೋಗುವುದು ಬೇಡ. ಚರ್ಚ್ ಸ್ಟ್ರೀಟಿನಲ್ಲಿ ಸಿಗಬಹುದು, ಹೈದರಾಬಾದಿನ ಆಬಿಡ್ಸ್‌ನಲ್ಲಿ ಭಾನುವಾರ ಫುಟ್‌ಪಾತ್ ಮೇಲೆ ಹರಡುವ ಪುಸ್ತಕಗಳಲ್ಲೂ ಸಿಗಬಹುದು. ಆ ಕಡೆ ಬೇರೆ ಕೆಲಸ ಇದ್ದಾಗ ನೋಡಿ ಬನ್ನಿ. ‘ನಮ್ಮಂಥ ಊರಲ್ಲಿ ಸೈನ್ಸ್ ಫಿಕ್ಷನ್ ಯಾರು ಓದುತ್ತಾರೆ’ ಎಂಬ ನಿಮ್ಮ ಮಾತನ್ನಂತೂ ನಾನು ಒಪ್ಪುವುದಿಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಕುಡಿತಿನಿಯ ಥರ್ಮಲ್ ವಿದ್ಯುತ್ ಸ್ಥಾವರ, ಪಕ್ಕದ ಗುಂತಕಲ್ಲಿನ ರೈಲ್ವೆ ಕಾಲನಿ, ಇಲ್ಲೆಲ್ಲ ಇರುವವರು ಎಂಜಿನಿಯರುಗಳು. ವರ್ಗವಾದಾಗ, ನಿವೃತ್ತರಾದಾಗ ಅವರ ಪೆಟ್ಟಿಗೆಗಳು ಬಂದು ಇಳಿಯುವುದು ಇಲ್ಲೇ. ಮಕ್ಕಳ ಪರೀಕ್ಷೆ ಮುಗಿಯುವ ಏಪ್ರಿಲ್, ಮೇ ತಿಂಗಳಲ್ಲಿ ಹೆಚ್ಚು. ಅಂಗಡಿಯವರು ಹಳೇ ಗೈಡುಗಳನ್ನು ರದ್ದಿಗೆ ಹಾಕುವುದೂ ಅದೇ ಸುಮಾರಿಗೆ, ಅದನ್ನು ಮರೆಯಬೇಡಿ.

ಕನ್ನಡದ್ದನ್ನೂ ಕೇಳಿ ನೋಡಿ. ವೈಜ್ಞಾನಿಕ ಕಾದಂಬರಿಗಳನ್ನು ಬರೆದ ರಾಜಶೇಖರ ಭೂಸನೂರಮಠ ಅವರ ಹಳೇ ಮುದ್ರಣಗಳಿಗೆ ನಾನು ಈಗಲೂ ಕಣ್ಣಿಟ್ಟಿದ್ದೇನೆ. ವಾರಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿಗಳನ್ನು ಜನ ಕತ್ತರಿಸಿ, ಹೊಲಿದು, ರಟ್ಟು ಹಾಕಿಸಿ ಇಡುತ್ತಿದ್ದರು. ಅಂಥ ಕಟ್ಟುಗಳ ಬೆನ್ನಿನ ಮೇಲೆ ಹೆಸರೇ ಇರುವುದಿಲ್ಲ, ತೆರೆದೇ ನೋಡಬೇಕು. ನಡುವಿನ ಕಂತು ಬಿಟ್ಟುಹೋಗಿದೆಯೇ ಎಂದು ಅಲ್ಲೇ ಎಣಿಸಿ. ಇಂಗ್ಲಿಷ್ ಪೇಪರ್‌ಬ್ಯಾಕ್ ಆದರೂ ಕೊನೆಯ ಪುಟದವರೆಗೆ ತಿರುವಿ ನೋಡಿ ದುಡ್ಡು ಕೊಡಿ. ನಮ್ಮ ಬೇಸಿಗೆಗೆ ಬೆನ್ನಿನ ಅಂಟು ಒಣಗಿ ಬಿರಿಯುತ್ತದೆ, ಕೊನೆಯ ಹಾಳೆಗಳು ಉದುರಿಹೋಗಿರಬಹುದು.

ನಾನು ಹಾಳೆ ಬರೆದು ಕೊಟ್ಟದ್ದು ಊರು ಬಿಡುವ ದಿನ. ಆಮೇಲೆ ಆ ಅಂಗಡಿಯಿಂದ ಫೋನ್ ಬರುತ್ತಲೇ ಇತ್ತು. ಗುಂತಕಲ್ಲಿನ ನಿವೃತ್ತರೊಬ್ಬರ ಮನೆಯಿಂದ ಬಂದ ಒಂದು ಇಡೀ ಪೆಟ್ಟಿಗೆಯನ್ನು ನನಗೆಂದೇ ಬಿಚ್ಚದೆ ಇಟ್ಟಿದ್ದರು. ರೇಟು ಹಿಂದಿನಷ್ಟೇ. ಅದರಲ್ಲಿ ‘ಫೌಂಡೇಶನ್ ಆಂಡ್ ಅರ್ಥ್’ ಇತ್ತು, ನನ್ನಲ್ಲಿ ಮೊದಲೇ ಒಂದಿತ್ತು, ಆದರೂ ತಂದೆ. ನಿಮಗೆ ಬೇಕಾದ ಎರಡರಲ್ಲಿ ಅದು ಒಂದಾಗಿದ್ದರೆ ಇಲ್ಲೇ ಬರೆಯಿರಿ. ಮುಂದಿನ ಸಲ ಬಳ್ಳಾರಿಗೆ ಬಂದಾಗ ನೀವು ಹೋಗುವ ಅಂಗಡಿಯಲ್ಲೇ ಕೊಟ್ಟಿರುತ್ತೇನೆ, ನಿಮ್ಮ ಹಾಳೆ ತೋರಿಸಿ ತೆಗೆದುಕೊಳ್ಳಿ.