ಮಗುವಿಗೆ ಕೆಮಿಕಲ್ ಕಡಿಮೆ ಇರುವ ಕ್ರಿಬ್ ಆರಿಸುವುದು ಹೇಗೆ?

ಮೊದಲು ಮರ ಯಾವುದು ಅಂತ ಕೇಳಿ. ‘ಮರದ ಕ್ರಿಬ್’ ಅಂತ ಮಾರುವ ಎಷ್ಟೋ ಕ್ರಿಬ್‌ಗಳಲ್ಲಿ ಎಂಡಿಎಫ್ ಅಥವಾ ಪಾರ್ಟಿಕಲ್ ಬೋರ್ಡ್ ಇರುತ್ತದೆ, ಅಂದರೆ ಮರದ ನಾರು, ಪುಡಿಗೆ ಅಂಟು ಸೇರಿಸಿ ಒತ್ತಿದ ಹಲಗೆ. ಆ ಅಂಟು ಹೆಚ್ಚಾಗಿ ಯೂರಿಯಾ ಫಾರ್ಮಾಲ್ಡಿಹೈಡ್ ಆಗಿರುವುದರಿಂದ ತಿಂಗಳುಗಟ್ಟಲೆ ಫಾರ್ಮಾಲ್ಡಿಹೈಡ್ ಅನ್ನುವ, ಕಣ್ಣು ಮತ್ತು ಉಸಿರಾಟಕ್ಕೆ ತೊಂದರೆ ಕೊಡುವ ಅನಿಲ ನಿಧಾನವಾಗಿ ಹೊರಬರುತ್ತಿರುತ್ತದೆ, ಸೆಕೆ ಮತ್ತು ತೇವ ಇದ್ದರೆ ಇನ್ನೂ ಜಾಸ್ತಿ. ಪುಟ್ಟ ಮಗು ದಿನದ ಹೆಚ್ಚಿನ ಹೊತ್ತು ಅದರೊಳಗೇ ಮಲಗಿರುತ್ತದೆ, ಅಲ್ವಾ? ಹಾಗಾಗಿ ತೇಗ, ಬೀಚ್, ಪೈನ್ ಥರದ ಅಪ್ಪಟ ಮರದ್ದೇ ತಗೊಳ್ಳಿ.

ಕಂಬಿ ಮರದ್ದು, ತಳ ಮಾತ್ರ ಪ್ಲೈವುಡ್ ಅಂತಲೂ ಇರುತ್ತದೆ. ಆಗ ಅದು ಇ0 ಅಥವಾ ಇ1 ದರ್ಜೆಯದ್ದಾ, ಅಂದರೆ ಫಾರ್ಮಾಲ್ಡಿಹೈಡ್ ಕಡಿಮೆ ಬಿಡುವಂಥದ್ದಾ ಅಂತ ವಿಚಾರಿಸಿ.

ಇನ್ನು ಬಣ್ಣ. ಹಲ್ಲು ಬರುವಾಗ ಮಕ್ಕಳು ಕಂಬಿ ಕಚ್ಚುತ್ತಾರೆ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಅನ್ನುವ ನಿಯಮ ಭಾರತದಲ್ಲಿ ಜಾರಿಗೆ ಬಂದಿದ್ದು 2017ರ ನವೆಂಬರ್‌ನಲ್ಲಿ, ಆದ್ದರಿಂದ ನೆಂಟರು ಪ್ರೀತಿಯಿಂದ ಕೊಟ್ಟರೂ ಬಣ್ಣ ಬಳಿದ ಹಳೇ ಕ್ರಿಬ್ ಬೇಡವೇ ಬೇಡ.

ಹೊಸದನ್ನು ಹೆರಿಗೆಗೆ ಕೆಲವು ವಾರ ಮೊದಲೇ ಜೋಡಿಸಿ, ಹಾಸಿಗೆಯ ಪ್ಲಾಸ್ಟಿಕ್ ಕವರ್ ತೆಗೆದು, ಕಿಟಕಿ ತೆರೆದು ಗಾಳಿಗೆ ಬಿಡಿ.