ಸೋಲಾರ್ ಪಾರ್ಕ್ ಪಕ್ಕದಲ್ಲಿದ್ದೂ ಕರೆಂಟ್ ಏಕಿಲ್ಲ, ಕೆಲಸ ಏಕಿಲ್ಲ?

ಪಾವಗಡದಲ್ಲಿ ಅಷ್ಟು ದೊಡ್ಡ ಸೋಲಾರ್ ಪಾರ್ಕ್ ಇದ್ದರೂ ನಿಮ್ಮೂರಿನಲ್ಲಿ ಕರೆಂಟ್ ಏಕೆ ಕೈಕೊಡುತ್ತದೆ, ಐಟಿಐ ಮುಗಿಸಿದ ತಮ್ಮನಿಗೆ ಕೆಲಸವೇಕೆ ಸಿಗುತ್ತಿಲ್ಲ ಎಂದು ಕೇಳಿದ್ದೀರಿ. ಅಲ್ಲಿನ 2,050 ಮೆಗಾವಾಟ್ ಸಾಮರ್ಥ್ಯದ ವಿದ್ಯುತ್ತು ಹೈಟೆನ್ಷನ್ ಮಾರ್ಗದಲ್ಲಿ ನೇರವಾಗಿ ಗ್ರಿಡ್ ಸೇರುತ್ತದೆ. ನಿಮ್ಮ ಮನೆಯ ದೀಪ ಅವಲಂಬಿಸಿರುವುದು ಊರಿನ ಫೀಡರ್ (ಸಬ್‌ಸ್ಟೇಷನ್‌ನಿಂದ ಊರಿಗೆ ಬರುವ ವಿದ್ಯುತ್ ಮಾರ್ಗ) ಮತ್ತು ಟ್ರಾನ್ಸ್‌ಫಾರ್ಮರನ್ನು.

ಉದ್ಯೋಗದ ವಿಷಯ ಇನ್ನೂ ನೋವಿನದು. ಸುಮಾರು 13,000 ಎಕರೆಯನ್ನು ಗುತ್ತಿಗೆಗೆ ಕೊಟ್ಟ ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾಗಿ ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಏರುವ ಹಣ ಬರುತ್ತದೆ. ಆದರೆ ಅದೇ ಹೊಲಗಳಲ್ಲಿ ಕಡಲೆಕಾಯಿ ಕೀಳುತ್ತಿದ್ದ, ಒಂದು ಗುಂಟೆ ಜಮೀನೂ ಇಲ್ಲದ ಕೂಲಿಯವರಿಗೆ ಅದರಲ್ಲಿ ಪಾಲಿಲ್ಲ. ನಿರ್ಮಾಣ ಮುಗಿದ ಮೇಲೆ ಉಳಿದದ್ದು ಹೆಚ್ಚಾಗಿ ಫಲಕ ತೊಳೆಯುವ, ಹುಲ್ಲು ಕೊಯ್ಯುವ, ಕಾವಲು ಕಾಯುವ ಕೆಲಸ. ಇದನ್ನು ಯೋಜನೆಯ ದೊಡ್ಡ ಕೊರತೆಯೆಂದೇ ನಾನು ಭಾವಿಸುತ್ತೇನೆ.

ನಿಮ್ಮ ತಮ್ಮ ಸ್ವಂತ ಘಟಕ ಆರಂಭಿಸುವುದಾದರೆ ತುಮಕೂರಿನ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಪಿಎಂಇಜಿಪಿ, ಅಂದರೆ ಸ್ವಂತ ಉದ್ಯಮಕ್ಕೆ ಬ್ಯಾಂಕ್ ಸಾಲದ ಜೊತೆ ಸಹಾಯಧನ ಕೊಡುವ ಕೇಂದ್ರ ಸರ್ಕಾರದ ಯೋಜನೆಯ ಬಗ್ಗೆ ವಿಚಾರಿಸಲಿ. 50 ಲಕ್ಷ ರೂಪಾಯಿವರೆಗಿನ ತಯಾರಿಕಾ ಘಟಕಕ್ಕೆ ಗ್ರಾಮಾಂತರದಲ್ಲಿ ಸಾಮಾನ್ಯ ವರ್ಗಕ್ಕೆ ಶೇಕಡಾ 25, ಮಹಿಳೆಯರು ಮತ್ತು ಪರಿಶಿಷ್ಟರು ಮೊದಲಾದವರಿಗೆ ಶೇಕಡಾ 35 ಸಹಾಯಧನವಿದೆ. ಶೆಡ್ಡಿಗೆ ಮುಂಗಡ ಕೊಡುವ ಮೊದಲು ಅಲ್ಲಿನ ಟ್ರಾನ್ಸ್‌ಫಾರ್ಮರ್‌ನಲ್ಲಿ ಬೇಕಾದಷ್ಟು ಲೋಡ್ ಸಿಗುವುದೇ ಎಂದು ತಪ್ಪದೆ ಕೇಳಿಕೊಳ್ಳಿ. ನಾನು ಕೇಳದೆ ಶೆಡ್ ಹಿಡಿದು, ಲೋಡ್ ಸಾಲದೆ ಲೇತ್ ಯಂತ್ರ ಕೆಲಸದ ನಡುವೆಯೇ ನಿಂತು ಹಾಳಾದ ಕಬ್ಬಿಣದ ತುಂಡುಗಳನ್ನು ಮೊದಲ ವರ್ಷವಿಡೀ ಗುಜರಿಗೆ ಹಾಕಿದ್ದೇನೆ.